ಹಳೆಯ ಪತ್ರಿಕೆಗಳ ಜಾಹೀರಾತು ಕತ್ತರಿಸಿ ಕೊಲಾಜ್ ಮಾಡಬಹುದೇ?

ದಯವಿಟ್ಟು ಕತ್ತರಿಸಬೇಡಿ. ನಿಮಗೆ ಸಿಕ್ಕಿರುವ ಪತ್ರಿಕೆಗಳ ಕಟ್ಟಿನಿಂದ ಜಾಹೀರಾತು ತೆಗೆದು ಪೆಟ್ಟಿಗೆ, ಡೈರಿಗಳಿಗೆ ಅಂಟಿಸುವ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅದನ್ನು ಸ್ಕ್ಯಾನ್ ಮಾಡಿ, ಆ ಪ್ರತಿಯ ಮೇಲೆ ಕತ್ತರಿ ಆಡಿಸಿ. ಪುಟದಲ್ಲಿ ಜಾಹೀರಾತಿನ ಪಕ್ಕದ ಸುದ್ದಿ, ಹಿಂಬದಿಯ ಬರಹ, ಮೂಲೆಯ ತಾರೀಖು ಎಲ್ಲ ಸೇರಿದರೇನೇ ಅದು ಯಾವ ಕಾಲದ್ದು, ಯಾರನ್ನು ಕರೆಯುತ್ತಿತ್ತು ಎಂದು ತಿಳಿಯುವುದು. ಕತ್ತರಿಸಿದರೆ ಬರೀ ಚಿತ್ರ ಉಳಿಯುತ್ತದೆ.

ಅದಕ್ಕೂ ಮೊದಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಕೊಳ್ಳಿ. ಈ ಹವ್ಯಾಸದ ಅರ್ಧ ಸುಖ ಅದರಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಬಣ್ಣದ ಪೋಸ್ಟರ್‌ಗಳಲ್ಲಿ ಬಹಳಷ್ಟು ಕಲ್ಲಚ್ಚಿನವು. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಎಣ್ಣೆಯ ಶಾಯಿ ಜಿಡ್ಡಿರುವಲ್ಲಿ ಮಾತ್ರ ಹತ್ತುತ್ತದೆ. ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು. ಗಾಜಿನಡಿ ನೋಡಿದರೆ ಬಳಪದ ಒರಟು ಗೆರೆಗಳು, ಒಂದು ಬಣ್ಣ ಇನ್ನೊಂದರ ಅಂಚಿನಾಚೆ ಕೂದಲೆಳೆಯಷ್ಟು ಜಾರಿದ್ದು ಕಾಣುತ್ತದೆ. ನಟಿ ಸಾರಾ ಬರ್ನ್‌ಹಾರ್ಟ್ ಅವರ ನಾಟಕಕ್ಕೆ 1894ರ ಕೊನೆಯಲ್ಲಿ ಕಲಾವಿದ ಆಲ್ಫೋನ್ಸ್ ಮುಖಾ ರಚಿಸಿದ ಪೋಸ್ಟರ್ ಇಂಥದ್ದೇ. ಅದರ ಇಂದಿನ ಆಫ್‌ಸೆಟ್ ಮರುಮುದ್ರಣ ನೋಡಿ: ನಾಲ್ಕು ಬಣ್ಣದ ಚುಕ್ಕೆಗಳು ಒಂದೇ ಅಂತರದಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಹಾಗೆಂದು ಚುಕ್ಕೆ ಕಂಡಿದ್ದೆಲ್ಲ ನಕಲಿಯಲ್ಲ, ಇಪ್ಪತ್ತನೆಯ ಶತಮಾನದ ಪತ್ರಿಕೆಗಳು ಚುಕ್ಕೆಯಲ್ಲೇ ಮುದ್ರಣವಾಗಿವೆ. ನೇರಳಾತೀತ ಟಾರ್ಚ್ ಇನ್ನೊಂದು ಸುಳಿವು ಕೊಡುತ್ತದೆ. ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸುವುದು ಸುಮಾರು 1950ರ ನಂತರ ಬಳಕೆಗೆ ಬಂತು; ಅಂಥ ಕಾಗದ ಆ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ.

ಆಮೇಲೆ ಜಾಹೀರಾತಿನ ಮಾತುಗಳನ್ನು ಓದಿ. 1885ರ ಅಮೆರಿಕದ ಒಂದು ಜಾಹೀರಾತು ಕಾರ್ಡಿನಲ್ಲಿ ಇಬ್ಬರು ಮಕ್ಕಳು ಆಡುತ್ತಿದ್ದಾರೆ. ಮಾರಾಟಕ್ಕಿರುವುದು ಕೊಕೇನ್ ಬೆರೆಸಿದ ಹಲ್ಲುನೋವಿನ ಹನಿ, ತಕ್ಷಣ ಗುಣವಂತೆ, ಬೆಲೆ 15 ಸೆಂಟ್! ಅದನ್ನು ಕೊಂಡ ತಾಯಂದಿರು ನಂಬಿಯೇ ಕೊಂಡಿರಬೇಕಲ್ಲವೇ? ಹಳೆಯದೆಲ್ಲ ಚಂದ ಎನ್ನುವವರ ಜೊತೆ ನಾನು ಸೇರುವುದಿಲ್ಲ. ಆ ಕಾಲದ ಆಸೆ, ಭಯ, ಸುಳ್ಳುಗಳು ಇಷ್ಟು ಹತ್ತಿರದಿಂದ ಕಾಣುತ್ತವೆಂದೇ ನನಗೆ ಇವು ಪ್ರಿಯ.

ಇನ್ನು ಕತ್ತರಿಸಿ ಅಂಟಿಸುವುದೇನೂ ಹೊಸ ಚಟವಲ್ಲ. ಅಂಟು ಮೊದಲೇ ಬಳಿದಿರುವ ಸ್ಕ್ರಾಪ್‌ಬುಕ್‌ಗೆ ಲೇಖಕ ಮಾರ್ಕ್ ಟ್ವೇನ್ 1873ರಲ್ಲಿ ಪೇಟೆಂಟ್ ಪಡೆದಿದ್ದರು. ಅಂದಿನವರು ಅಂಟಿಸಿಟ್ಟ ಪುಸ್ತಕಗಳೇ ಇಂದು ಸಂಗ್ರಹಯೋಗ್ಯ. ಅಂಥದ್ದು ಸಿಕ್ಕರೆ ಒಂದು ಚೀಟಿಯನ್ನೂ ಕೀಳಬೇಡಿ, ಯಾರೋ ಒಬ್ಬರು ಆರಿಸಿ ಜೋಡಿಸಿದ ಕ್ರಮವೇ ಅಲ್ಲಿನ ಹುರುಳು. ನಿಮ್ಮ ಕೊಲಾಜ್‌ಗೆ ಸ್ಕ್ಯಾನ್ ಪ್ರತಿಯನ್ನು ತುಸು ದಪ್ಪನೆಯ ಮ್ಯಾಟ್ ಕಾಗದದ ಮೇಲೆ ತೆಗೆಯಿರಿ, ಹೊಳಪಿನ ಕಾಗದದಲ್ಲಿ ಹಳೆಯ ಶಾಯಿಯ ಮಂದ ಬಣ್ಣ ಕೆಟ್ಟುಹೋಗುತ್ತದೆ.

ಮೂಲ ಪುಟಗಳಿಗೆ ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಇರುವುದರಿಂದ ಬೆಳಕು ತಾಗಿದಷ್ಟೂ ಹಳದಿಯಾಗಿ ಪುಡಿಯಾಗುತ್ತದೆ. ಆಮ್ಲರಹಿತ ಕಾಗದದ ನಡುವೆ ಮಡಚದೆ, ಕತ್ತಲೆಯಲ್ಲಿ, ಒಣಗಿದ ಜಾಗದಲ್ಲಿಡಿ. ಗೋಡೆಗೆ ಬೇಕಾದರೆ ಪ್ರತಿಗೆ ಚೌಕಟ್ಟು ಹಾಕಿಸಿ. ಯಾವ ಪತ್ರಿಕೆ, ಯಾವ ಸಂಚಿಕೆ, ಎಲ್ಲಿ ಸಿಕ್ಕಿತು ಎಂಬುದನ್ನು ಹೊರ ಲಕೋಟೆಯ ಮೇಲೆ ಪೆನ್ಸಿಲ್‌ನಿಂದ ಇವತ್ತೇ ಬರೆದಿಡಿ.