ಜಿ, ಸಿ, ಡಿ ಕಾರ್ಡ್ ಬರುತ್ತದೆ, ಆದರೂ ನಾನು ನುಡಿಸಿದರೆ ಕಂಟ್ರಿ ಥರ ಕೇಳಿಸುವುದಿಲ್ಲ. ಮುಂದೆ ಏನು ಕಲಿಯಲಿ?

ನೀವು ಬರೆದಿರುವುದು ಇಷ್ಟು: ಗಿಟಾರ್ ಹಿಡಿದು ನಾಲ್ಕು ತಿಂಗಳಾಯಿತು. ಮೂರು ಕಾರ್ಡ್ (ಕೆಲವು ಸ್ವರ ಒಟ್ಟಿಗೆ ನುಡಿಯುವ ಹಾಗೆ ಬೆರಳು ಇಡುವ ಆಕಾರ) ಬರುತ್ತವೆ. ಅಮೆರಿಕದ ಹಳೆಯ ಕಂಟ್ರಿ ಹಾಡುಗಳು ಅಂದರೆ ಪ್ರಾಣ. ಆದರೆ ಅದೇ ಕಾರ್ಡ್ ಹಾಕಿ ನುಡಿಸಿದರೂ ಆ ಸದ್ದು ಬರುತ್ತಿಲ್ಲ, ಮೇಲಾಗಿ ಕಾರ್ಡ್ ಬದಲಿಸುವಾಗಲೆಲ್ಲ ತಾಳ ತಪ್ಪುತ್ತದೆ.

ಸದ್ಯಕ್ಕೆ ಹೊಸ ಕಾರ್ಡ್ ಒಂದೂ ಕಲಿಯಬೇಡಿ. ಈ ಮೂರೇ ಸಾಕು. ನೀವು ಹೇಳಿದ ಎರಡೂ ತೊಂದರೆಗೆ ಮದ್ದು ಒಂದೇ, ಅದು ಬಲಗೈಯಲ್ಲಿದೆ. (ನೀವು ಎಡಚರಾಗಿದ್ದು ಗಿಟಾರ್ ತಿರುಗಿಸಿ ಹಿಡಿಯುವವರಾದರೆ ಬಲ ಅಂದಲ್ಲಿ ಎಡ ಅಂತ ಓದಿಕೊಳ್ಳಿ.)

ನಾನೂ ಇದೇ ಜಾಗದಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಒದ್ದಾಡಿದ್ದೇನೆ. ಆರೂ ತಂತಿಗಳ ಮೇಲೆ ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಎಳೆದು ಮೇಲೆ ಕೆಳಗೆ ಸ್ಟ್ರಮ್ ಮಾಡುತ್ತಿದ್ದೆ. ಸದ್ದು ಸರಿ ಬರದಿದ್ದಾಗ, ಗೊತ್ತಿರುವ ಕಾರ್ಡ್ ಸಾಲದು ಅಂದುಕೊಂಡು ಇನ್ನೂ ಹತ್ತು ಕಲಿತೆ. ಏನೂ ಬದಲಾಗಲಿಲ್ಲ. ಒಂದು ಸಂಜೆ ನಾನು ನುಡಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಅದನ್ನೂ ಕಂಟ್ರಿ ಹಾಡುಗಾರ ಜಾನಿ ಕ್ಯಾಶ್ ಅವರ ಹಳೆಯ ರೆಕಾರ್ಡಿಂಗನ್ನೂ ಒಂದಾದ ಮೇಲೊಂದು ಹಾಕಿ ಕೇಳಿದೆ. ಅವರದರಲ್ಲಿ ದಪ್ಪ ತಂತಿ ಒಂದೇ ಒಂದು 'ಡುಂ' ಅನ್ನುತ್ತದೆ, ಆಮೇಲೆ ಸಣ್ಣ ತಂತಿಗಳು 'ಚಕ್' ಅನ್ನುತ್ತವೆ. ಡುಂ, ಚಕ್, ಡುಂ, ಚಕ್. ನನ್ನದರಲ್ಲಿ ಮೊದಲಿಂದ ಕೊನೆವರೆಗೂ ಬರೀ ಝರ್ ಝರ್.

ಈ ಡುಂ-ಚಕ್‌ಗೆ ಗಿಟಾರ್ ನುಡಿಸುವವರು ಬೂಮ್-ಚಿಕ್ ಅನ್ನುತ್ತಾರೆ. ನಾಲ್ಕು ಎಣಿಕೆಯ ಹಾಡಾದರೆ ಒಂದಕ್ಕೆ ಬೇಸ್ ತಂತಿ, ಎರಡಕ್ಕೆ ಸಣ್ಣ ತಂತಿಗಳು, ಮೂರಕ್ಕೆ ಬೇರೆ ಒಂದು ಬೇಸ್ ತಂತಿ, ನಾಲ್ಕಕ್ಕೆ ಮತ್ತೆ ಸಣ್ಣವು. ಜಿ ಕಾರ್ಡ್‌ನಲ್ಲಿ ಒಂದಕ್ಕೆ ಆರನೇ ತಂತಿ (ಎಲ್ಲಕ್ಕಿಂತ ದಪ್ಪನೆಯದು, ಒಂದನೆಯದು ಎಲ್ಲಕ್ಕಿಂತ ಸಣ್ಣದು), ಮೂರಕ್ಕೆ ನಾಲ್ಕನೇ ತಂತಿ. ಸಿ ಕಾರ್ಡ್‌ನಲ್ಲಿ ಐದನೆಯದು, ಆಮೇಲೆ ನಾಲ್ಕನೆಯದು. ಡಿ ಕಾರ್ಡ್‌ನಲ್ಲಿ ಮೊದಲು ನಾಲ್ಕನೆಯದು, ಆಮೇಲೆ ಐದನೆಯದು. ಮೂರು ಎಣಿಕೆಯ ವಾಲ್ಟ್ಜ್ ಹಾಡಾದರೆ ಡುಂ, ಚಕ್, ಚಕ್.

ಓದುವುದಕ್ಕೆ ಸುಲಭ, ಆದರೆ ಪಿಕ್ ಸರಿಯಾದ ತಂತಿಗೆ ತಾಗುವುದೇ ಕಷ್ಟ, ಅಲ್ವಾ? ನನಗೆ ದಾರಿ ತೋರಿಸಿದ್ದು ಒಂದು ಸಣ್ಣ ವಿಷಯ. ಆರನೇ ತಂತಿ ಹೊಡೆದ ಮೇಲೆ ಪಿಕ್ ಅನ್ನು ಗಾಳಿಗೆ ಎತ್ತಬೇಡಿ. ಅದು ಹಾಗೇ ಕೆಳಗಿಳಿದು ಐದನೇ ತಂತಿಗೆ ಒರಗಿ ನಿಲ್ಲಲಿ. ಐದನ್ನು ಹೊಡೆದರೆ ನಾಲ್ಕರ ಮೇಲೆ ನಿಲ್ಲಲಿ. ಪಿಕ್ ಎಲ್ಲಿದೆ ಅಂತ ನೋಡದೆಯೇ ಕೈಗೆ ಗೊತ್ತಾಗುತ್ತದೆ. ಬೇಸ್ ಸದ್ದೂ ದುಂಡಗೆ, ಒಂಟಿಯಾಗಿ ಬರುತ್ತದೆ, ಪಕ್ಕದ ತಂತಿ ಸೇರಿಕೊಳ್ಳುವುದಿಲ್ಲ. 'ಚಕ್'ಗೆ ಕೆಳಗಿನ ಮೂರು ತಂತಿ ಸಾಕು, ಸುಮ್ನೆ ಸವರಿದ ಹಾಗೆ. ಮೊದಲ ವಾರ 'ಚಕ್' ಬಿಟ್ಟು ಬರೀ ಡುಂ ಮಾತ್ರ ನುಡಿಸಿ. ಒಂದು ಮತ್ತು ಮೂರಕ್ಕೆ ಬೇಸ್, ಎರಡು ಮತ್ತು ನಾಲ್ಕಕ್ಕೆ ಮೌನ. ಬೇಜಾರಾಗುತ್ತದೆ ನಿಜ. ಆದರೂ ಮಾಡಿ.

ಇನ್ನು ಕಾರ್ಡ್ ಬದಲಿಸುವಾಗ ತಾಳ ತಪ್ಪುವ ವಿಷಯ. ಇದನ್ನು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ. ಬೂಮ್-ಚಿಕ್‌ನಲ್ಲಿ ಎಲ್ಲ ಬೆರಳೂ ಒಟ್ಟಿಗೆ ಬಂದು ಕೂರಬೇಕಾಗಿಲ್ಲ. ಒಂದನೇ ಎಣಿಕೆಗೆ ಬೇಕಾಗಿರುವುದು ಬೇಸ್ ತಂತಿ ಮಾತ್ರ. ಅದನ್ನು ಒತ್ತುವ ಬೆರಳು ಬಂದರೆ ಸಾಕು, ಉಳಿದವಕ್ಕೆ ಎರಡನೇ ಎಣಿಕೆವರೆಗೆ ಸಮಯವಿದೆ. ತಾಳ ಬಡಿಯುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟರೆ ಅದು ಪೂರ್ತಿ ಒಂದು ಸೆಕೆಂಡ್. ಡಿ ಕಾರ್ಡ್ ಅಂತೂ ಇನ್ನೂ ಸುಲಭ. ಅದರ ಬೇಸ್ ಖಾಲಿ ನಾಲ್ಕನೇ ತಂತಿ, ಒಂದು ಬೆರಳೂ ಇಡದೆ ಡುಂ ಅನ್ನಿಸಬಹುದು. ಡುಂ ಕೇಳಿಸುತ್ತಿರುವಾಗಲೇ ಮೂರು ಬೆರಳನ್ನೂ ಜಾಗಕ್ಕೆ ತನ್ನಿ.

ಸಿ ಕಾರ್ಡ್ ಹಾಕುವಾಗ ತುಂಬಾ ಜನ ತೋರುಬೆರಳನ್ನು ಮೊದಲು ಇಡುತ್ತಾರೆ. ಕಂಟ್ರಿಗೆ ಅದು ಉಲ್ಟಾ. ಉಂಗುರ ಬೆರಳು ಐದನೇ ತಂತಿಯ ಮೂರನೇ ಫ್ರೆಟ್‌ಗೆ ಮೊದಲು ಹೋಗಬೇಕು (ಫ್ರೆಟ್ ಅಂದರೆ ಗಿಟಾರ್ ಕತ್ತಿನ ಮೇಲಿನ ಅಡ್ಡ ಪಟ್ಟಿ). ಹಾಗೇ ಜಿ ಕಾರ್ಡ್ ಅನ್ನು ನಡುಬೆರಳು, ಉಂಗುರ ಬೆರಳು, ಕಿರುಬೆರಳಲ್ಲಿ ಹಿಡಿಯುವುದು ರೂಢಿ ಮಾಡಿಕೊಳ್ಳಿ: ನಡುಬೆರಳು ಐದನೇ ತಂತಿಯ ಎರಡನೇ ಫ್ರೆಟ್, ಉಂಗುರ ಬೆರಳು ಆರನೆಯದರ ಮೂರನೇ ಫ್ರೆಟ್, ಕಿರುಬೆರಳು ಒಂದನೆಯದರ ಮೂರನೇ ಫ್ರೆಟ್. ಈಗ ಸಿ ಕಡೆಗೆ ಹೋಗಿ ನೋಡಿ. ನಡುಬೆರಳೂ ಉಂಗುರ ಬೆರಳೂ ಅದದೇ ಫ್ರೆಟ್‌ನಲ್ಲಿ ಒಂದೊಂದು ತಂತಿ ಪಕ್ಕಕ್ಕೆ ಸರಿದರೆ ಆಯಿತು. ಕಿರುಬೆರಳು ಮೊದಲು ನೋಯುತ್ತದೆ, ಎರಡು ವಾರದಲ್ಲಿ ಒಗ್ಗಿಕೊಳ್ಳುತ್ತದೆ.

ಕ್ಯಾಶ್ ಅವರ ವಿಷಯ ಬಂದದ್ದಕ್ಕೆ ಒಂದು ಮಾತು. ಶುರುವಿನಲ್ಲಿ ಅವರ ತಂಡದಲ್ಲಿ ಡ್ರಮ್ ಇರಲಿಲ್ಲ. ಜೊತೆಗಿದ್ದವರು ಗಿಟಾರ್ ನುಡಿಸುವ ಲೂಥರ್ ಪರ್ಕಿನ್ಸ್, ಬೇಸ್ ನುಡಿಸುವ ಮಾರ್ಷಲ್ ಗ್ರಾಂಟ್, ಇಬ್ಬರೇ. ಹಾಗಾಗಿ ಕ್ಯಾಶ್ ತಮ್ಮ ಗಿಟಾರ್ ತಂತಿಗಳ ಸಂದಿಗೆ ಕಾಗದ ಸಿಕ್ಕಿಸಿ, 'ಚಕ್' ಅನ್ನುವುದು ಸ್ನೇರ್ ಡ್ರಮ್ ಥರ ಕೇಳುವ ಹಾಗೆ ಮಾಡಿದರು. ನೀವೂ ಮಾಡಿ ನೋಡಿ. ಕಾಗದ ಇದ್ದಾಗ ತಂತಿಗಳ ಗುಂಯ್ ಅನ್ನುವ ಸದ್ದು ಅಡಗುತ್ತದೆ, ತಾಳದಲ್ಲಿ ಎಲ್ಲಿ ಎಡವುತ್ತಿದ್ದೀರಿ ಅಂತ ಬೆತ್ತಲೆಯಾಗಿ ಕೇಳಿಸುತ್ತದೆ. ನಾನು ಈಗಲೂ ಹೊಸ ಹಾಡು ಕಲಿಯುವಾಗ ಕಾಗದ ಹಾಕಿಯೇ ಶುರು ಮಾಡುತ್ತೇನೆ.

ಮೆಟ್ರೊನೋಮ್ 80ಕ್ಕೆ ಬಂದು, ಕೈ ಎಡವದೆ ಓಡುತ್ತಿದೆ ಅನ್ನಿಸಿದ ಮೇಲೆ ಬೇಸ್ ನಡಿಗೆ ಸೇರಿಸಿ. ಜಿ ಇಂದ ಸಿ ಗೆ ಹೋಗುವ ಮುಂಚಿನ ಎರಡು ಎಣಿಕೆಯಲ್ಲಿ 'ಚಕ್' ಬಿಟ್ಟು, ಐದನೇ ತಂತಿ ಖಾಲಿ ಒಂದು ಸಲ, ಅದರ ಎರಡನೇ ಫ್ರೆಟ್ ಒತ್ತಿ ಒಂದು ಸಲ ಹೊಡೆಯಿರಿ. ಮುಂದಿನ ಡುಂ ಸಿ ಕಾರ್ಡ್‌ದು. ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಸ್ವರ ಮೇಲೇರಿ ಸಿ ಮೇಲೆ ಬಂದು ಕೂರುತ್ತದೆ. ನನಗೆ ಮೊದಲ ಸಲ ಇದು ಸರಿಯಾಗಿ ಬಂದ ದಿನ ಅದೊಂದನ್ನೇ ಅರ್ಧ ಗಂಟೆ ನುಡಿಸಿದ್ದೆ. ಆಮೇಲೆ ಹ್ಯಾಮರ್-ಆನ್: ಸಿ ಕಾರ್ಡ್‌ನಲ್ಲಿ ನಡುಬೆರಳು ಎತ್ತಿ ನಾಲ್ಕನೇ ತಂತಿ ಖಾಲಿ ಹೊಡೆದು, ಸದ್ದು ಇರುವಾಗಲೇ ಬೆರಳನ್ನು ಎರಡನೇ ಫ್ರೆಟ್ ಮೇಲೆ ಟಪ್ ಅಂತ ಇಳಿಸಿ. ಹೊಡೆತ ಒಂದು, ಸ್ವರ ಎರಡು.

ಇದೆಲ್ಲ ಎಲ್ಲಿಂದ ಬಂತು ಅಂತ ಕೇಳಬೇಕಾದರೆ ಕಾರ್ಟರ್ ಕುಟುಂಬ ಅನ್ನುವ ಹಾಡಿನ ತಂಡದ ಗಿಟಾರ್ ವಾದಕಿ ಮೇಬೆಲ್ ಕಾರ್ಟರ್ ಅವರನ್ನು ಕೇಳಿ. 1927ರಲ್ಲಿ ಟೆನ್ನೆಸೀ ಮತ್ತು ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಿನಲ್ಲಿ ಕಾರ್ಟರ್ ಕುಟುಂಬದ ಹಾಡುಗಳು ಮೊದಲ ಸಲ ರೆಕಾರ್ಡ್ ಆದಾಗ ಅವರಿಗೆ 18 ವರ್ಷ. ಹಾಡಿನ ಧಾಟಿಯನ್ನೇ ಹೆಬ್ಬೆರಳಿನಿಂದ ದಪ್ಪ ತಂತಿಗಳಲ್ಲಿ ನುಡಿಸುತ್ತ, ಉಳಿದ ಬೆರಳಿನಿಂದ ಸಣ್ಣ ತಂತಿಗಳನ್ನು ಸವರುತ್ತಿದ್ದರು. ನಮ್ಮ ಡುಂ ಇದ್ದ ಜಾಗದಲ್ಲಿ ಅವರದು ಹಾಡೇ. ಒಬ್ಬರೇ ಇಬ್ಬರ ಹಾಗೆ ಕೇಳಿಸುತ್ತಾರೆ. ಆರು ತಿಂಗಳ ನಂತರ ನೀವು ಹೋಗಬೇಕಾದ ಕಡೆ ಅದು ಅಂತ ನನ್ನ ಅಭಿಪ್ರಾಯ.

ಪಿಕ್ ಬಿಟ್ಟು ಬೆರಳಲ್ಲೇ ನುಡಿಸುವ ಆಸೆ ಇದ್ದರೆ ಕೆಂಟಕಿಯ ಗಿಟಾರ್ ವಾದಕ ಮರ್ಲ್ ಟ್ರಾವಿಸ್ ಇದ್ದಾರೆ. ಹೆಬ್ಬೆರಳು ಬೇಸ್ ನೋಡಿಕೊಂಡರೆ, ಹಾಡಿನ ಧಾಟಿಯನ್ನು ತೋರುಬೆರಳೊಂದೇ ನುಡಿಸುತ್ತಿತ್ತು. ಇನ್ನೊಬ್ಬ ಕಂಟ್ರಿ ಗಿಟಾರ್ ವಾದಕ ಚೆಟ್ ಆಟ್ಕಿನ್ಸ್ ಹುಡುಗನಾಗಿದ್ದಾಗ ಅವರನ್ನು ರೇಡಿಯೋದಲ್ಲಿ ಮಾತ್ರ ಕೇಳಿದ್ದರು, ಕೈ ನೋಡಿರಲಿಲ್ಲ. ಇಷ್ಟೆಲ್ಲ ಸದ್ದು ಬರಬೇಕಾದರೆ ಇನ್ನೂ ಜಾಸ್ತಿ ಬೆರಳು ಬಳಸುತ್ತಿರಬೇಕು ಅಂದುಕೊಂಡು ಹಾಗೇ ಅಭ್ಯಾಸ ಮಾಡಿದರು. ಮುಂದೆ ಅದೇ ಅವರ ಶೈಲಿಯಾಯಿತು. ಹಾಗಾಗಿ ವಿಡಿಯೋ ನೋಡುವುದಕ್ಕಿಂತ ಕಣ್ಣು ಮುಚ್ಚಿ ಕೇಳುವುದಕ್ಕೆ ಜಾಸ್ತಿ ಸಮಯ ಕೊಡಿ. ಒಂದು ಹಾಡು ಹಾಕಿ ಹಾಡುಗಾರನನ್ನು ಮರೆತು ಬೇಸ್ ಒಂದನ್ನೇ ಹಿಂಬಾಲಿಸಿ. ಹ್ಯಾಂಕ್ ವಿಲಿಯಮ್ಸ್ ಅವರ ಎಷ್ಟೋ ಹಾಡುಗಳಲ್ಲಿ ಇರುವುದೇ ಮೂರು ಕಾರ್ಡ್, ಅಲ್ಲಿಂದ ಶುರು ಮಾಡಿ.

ಗಿಟಾರ್ ಬಗ್ಗೆಯೂ ಕೇಳಿದ್ದಿರಿ, ಎಲೆಕ್ಟ್ರಿಕ್ ಕೊಳ್ಳಲೇ ಅಂತ. ಈಗ ಬೇಡ. ಟೆಲಿಕಾಸ್ಟರ್ ಅನ್ನುವ ಎಲೆಕ್ಟ್ರಿಕ್ ಗಿಟಾರಿನ ಸದ್ದು ಚೆಂದ ನಿಜ, ಆದರೆ ಅದರಲ್ಲಿ ನುಡಿಸುವ ಚಿಕನ್ ಪಿಕಿಂಗ್ (ತಂತಿಯನ್ನು ಚಟ್ ಅಂತ ಎಳೆದು ಬಿಡುವ ರೀತಿ) ಬೇರೆಯೇ ಕೆಲಸ. ಸ್ಟೀಲ್ ತಂತಿಯ ಅಕೌಸ್ಟಿಕ್ ಸಾಕು. ನೈಲಾನ್ ತಂತಿಯದೇ ಇದ್ದರೂ ಚಿಂತೆ ಇಲ್ಲ, ಕಂಟ್ರಿ ಹಾಡುಗಾರ ವಿಲ್ಲಿ ನೆಲ್ಸನ್ ಹಲವು ದಶಕಗಳಿಂದ ನುಡಿಸುತ್ತಿರುವುದು ನೈಲಾನ್ ತಂತಿಯ ಒಂದೇ ಮಾರ್ಟಿನ್ ಗಿಟಾರ್, ಪಿಕ್ ಉಜ್ಜಿ ಉಜ್ಜಿ ಅದರ ಮೈಯಲ್ಲಿ ತೂತೇ ಬಿದ್ದಿದೆ. ಕೊಳ್ಳಲೇಬೇಕು ಅಂದರೆ ಒಂದು ಕ್ಯಾಪೊ (ಎಲ್ಲ ತಂತಿಗಳನ್ನೂ ಒಂದು ಫ್ರೆಟ್‌ನಲ್ಲಿ ಒತ್ತಿ ಹಿಡಿಯುವ ಕ್ಲಿಪ್) ಕೊಳ್ಳಿ. ಜಿ ಶ್ರುತಿ ನಿಮ್ಮ ಗಂಟಲಿಗೆ ತಗ್ಗಾದರೆ ಎರಡನೇ ಫ್ರೆಟ್‌ಗೆ ಕ್ಯಾಪೊ ಹಾಕಿ, ಬೆರಳು ಇಡುವುದು ಜಿ ಆಕಾರವೇ, ಕೇಳಿಸುವುದು ಎ.

ಮೆಲ್ಲಗಾದರೂ ಸರಿ, ನುಡಿಸುವಾಗ ಹಾಡಿ. ಬರೀ ಡುಂ ನುಡಿಸುವ ಆ ಮೊದಲ ವಾರವೂ ಹಾಡಿ. ವಾರದ ಕೊನೆಗೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಡುಂ ಎಲ್ಲಿ ಒಂಟಿಯಾಗಿ ಬರುತ್ತಿಲ್ಲ ಅಂತ ಇಲ್ಲಿ ಬರೆಯಿರಿ. ಜಿ ಕಾರ್ಡ್‌ನಲ್ಲಿ ಒಂದರಿಂದ ಮೂರನೇ ಎಣಿಕೆಗೆ ಹೋಗುವಾಗಲೇ ಇರಬಹುದು ಅಂತ ನನ್ನ ಊಹೆ. ನನಗೂ ಅಲ್ಲೇ ಆಗುತ್ತಿತ್ತು, ಪಿಕ್ ಆರರಿಂದ ನಾಲ್ಕಕ್ಕೆ ಹಾರುವಾಗ ಐದನೆಯದನ್ನು ತಾಗಿಸಿಕೊಂಡು ಬರುತ್ತದೆ.