ಸಾಮಾಜಿಕ ಅಂತಸ್ತನ್ನು ಯಾವುದು ನಿರ್ಧರಿಸುತ್ತದೆ, ಅದು ಹೇಗೆ ವ್ಯಕ್ತವಾಗುತ್ತದೆ?

ಸಂಪತ್ತೇ ಅಂತಸ್ತು ಎಂಬ ಎಣಿಕೆ ಅರ್ಧಸತ್ಯ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಆರ್ಥಿಕ ವರ್ಗ, ಸಾಮಾಜಿಕ ಗೌರವ ಮತ್ತು ರಾಜಕೀಯ ಬಲಗಳನ್ನು ಬೇರೆಬೇರೆಯಾಗಿ ನೋಡಿದರು. ನಮ್ಮವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಹಳ್ಳಿಯ ಪ್ರಬಲ ಜಾತಿಯನ್ನು ಗುರುತಿಸುವಾಗ ಭೂಮಿ, ಸಂಖ್ಯಾಬಲ, ಜಾತಿಶ್ರೇಣಿಯಲ್ಲಿನ ಸ್ಥಾನಗಳ ಜೊತೆಗೆ ಶಿಕ್ಷಣವನ್ನೂ ಲೆಕ್ಕಕ್ಕೆ ತೆಗೆದುಕೊಂಡರು.

ರಾಯಚೂರು ಜಿಲ್ಲೆಯಲ್ಲಿ ಇದು ನೀರಿನ ಮೂಲಕವೇ ಕಾಣುತ್ತದೆ. 1953ರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಹರಿಯತೊಡಗಿದ ಮೇಲೆ ಸಿಂಧನೂರಿನ ಎರೆಹೊಲಗಳು ಭತ್ತದ ಗದ್ದೆಗಳಾದವು. ಎಷ್ಟು ಎಕರೆ ಎನ್ನುವುದಕ್ಕಿಂತ ಅದು ನೀರಾವರಿಯೋ ಒಣಬೇಸಾಯವೋ, ಕಾಲುವೆಯ ಮೇಲ್ಭಾಗದಲ್ಲಿದೆಯೋ ಕೊನೆಭಾಗದಲ್ಲಿದೆಯೋ ಎನ್ನುವುದು ಸಾಲ ಪಡೆಯುವ ಶಕ್ತಿಯನ್ನೂ ಮದುವೆಯ ಮಾತುಕತೆಯನ್ನೂ ಪ್ರಭಾವಿಸತೊಡಗಿತು.

ಕಾರು, ಬಂಗಾರ, ಅದ್ದೂರಿ ಮದುವೆಗಳು ಕಣ್ಣಿಗೆ ಬೀಳುವ ಸಂಕೇತಗಳು. ಬಳ್ಳಾರಿಯ ಅದಿರಿನ ಹಣ ಅವನ್ನು ಬೇಗನೆ ತಂದುಕೊಟ್ಟಿತು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಹಲವರಿಗೆ ಅವನ್ನು ಉಳಿಸಿಕೊಳ್ಳುವುದೇ ಕಷ್ಟವಾಯಿತು. ಪಂಚಾಯಿತಿ ಕಟ್ಟೆಯಲ್ಲಿ ಯಾರ ಮಾತನ್ನು ತಡೆಯದೆ ಕೇಳುತ್ತಾರೆ, ಯಾರನ್ನು ಬಹುವಚನದಲ್ಲಿ ಕರೆಯುತ್ತಾರೆ ಎಂಬುದನ್ನು ಮಾತ್ರ ಕೊಳ್ಳಲಾಗದು. ದುಡಿದು ಓದಿ ನೌಕರಿ ಹಿಡಿದ ದಲಿತ ಯುವಕನಿಗೆ ಊರ ಹೋಟೆಲಿನಲ್ಲಿ ಇಂದಿಗೂ ಏಕವಚನ ಎದುರಾಗುವುದುಂಟು. ಅವನ ಸಂಬಳದಿಂದ ಬದಲಿಸಲಾಗದ್ದನ್ನು ಅಲ್ಲಿ ಜಾತಿಯೇ ನಿರ್ಧರಿಸುತ್ತಿರುತ್ತದೆ, ಮತ್ತು ಇದು ಅನ್ಯಾಯ.