ಕ್ಲಬ್ಬೋ, ಟೀಮೋ? ಹೈಸ್ಕೂಲ್ ಸ್ನೋಬೋರ್ಡಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದ ಒರೆಗಾನ್ ರಾಜ್ಯದ ಬೀವರ್ಟನ್, ಹಿಲ್ಸ್‌ಬೊರೊ ಕಡೆಯ ಕನ್ನಡ ಮನೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಸ್ನೋಬೋರ್ಡಿಂಗ್ ಎಂದರೆ ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ. ಅಲ್ಲಿನ ಮಕ್ಕಳಿಗೆ ಸ್ನೋ ಎಂದರೆ ಮೌಂಟ್ ಹುಡ್ ಪರ್ವತ. ಕೊನೆಯಲ್ಲಿ ಬೆಂಗಳೂರಿನಿಂದ ಬಂದ ಪ್ರಶ್ನೆಯೂ ಒಂದಿದೆ.

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ಶಾಲೆಯಲ್ಲಿ ಸ್ನೋಬೋರ್ಡ್ ಕ್ಲಬ್ಬೂ ಇದೆ, ಸ್ಪರ್ಧೆಗೆ ಹೋಗುವ ಟೀಮೂ ಇದೆ. ಇದುವರೆಗೆ ಎರಡೇ ದಿನ ಪಾಠ ಹೇಳಿಸಿಕೊಂಡಿದ್ದಾಳೆ. ನೇರ ಟೀಮಿಗೇ ಸೇರುತ್ತೇನೆ ಎನ್ನುತ್ತಾಳೆ. ಸೇರಿಸಬಹುದೇ? – ಒಬ್ಬ ತಾಯಿ, ಬೀವರ್ಟನ್

ಉತ್ತರ: ಈ ವರ್ಷ ಕ್ಲಬ್ಬಿಗೆ ಸೇರಿಸಿ. ಕ್ಲಬ್ಬಿನಲ್ಲಿ ಗೆಳೆಯರ ಜೊತೆ ಬಸ್ಸಿನಲ್ಲಿ ಹೋಗಿ, ತನ್ನ ಮಟ್ಟದ ಇಳಿಜಾರಿನಲ್ಲಿ ಆಡಿ ಬರಬಹುದು. ಟೀಮಿನಲ್ಲಿ ಗೇಟುಗಳ (ದಾರಿ ಗುರುತಿಸಲು ನೆಟ್ಟ ಕಂಬಗಳ) ನಡುವೆ ಇಳಿಯುವುದು, ಪಾರ್ಕಿನಲ್ಲಿ (ಹಾರಲೆಂದೇ ಹಿಮದ ದಿಬ್ಬ ಕಟ್ಟಿದ ಜಾಗದಲ್ಲಿ) ಹಾರುವುದು, ವಾರಾಂತ್ಯಕ್ಕೆ ಬೆಳಗಿನ ಜಾವ ಎದ್ದು ಸ್ಪರ್ಧೆಗೆ ಹೋಗುವುದು ಎಲ್ಲ ಇರುತ್ತದೆ. ಎರಡು ದಿನದ ಕಲಿಕೆಯ ಹುಡುಗಿ ಅಲ್ಲಿ ಕಲಿಯುವುದಕ್ಕಿಂತ ಹೆದರುವುದೇ ಹೆಚ್ಚು.

ಟೀಮಿಗೆ ಸಿದ್ಧಳಾದಳೇ ಎಂದು ತಿಳಿಯಲು ಮೂರು ಸಂಗತಿ ನೋಡಿ. ನೀಲಿ ಗುರುತಿನ, ಅಂದರೆ ಮಧ್ಯಮ ಕಷ್ಟದ ಇಳಿಜಾರಿನಲ್ಲಿ ಎಡಕ್ಕೂ ಬಲಕ್ಕೂ ತಿರುವು ಜೋಡಿಸುತ್ತ, ಬೀಳದೆ ಕೆಳಗಿನವರೆಗೆ ಬರಬೇಕು. ಹಿಂಗಾಲನ್ನು ಬೋರ್ಡಿನಿಂದ ಬಿಚ್ಚಿಕೊಂಡು ಚೇರ್‌ಲಿಫ್ಟ್ (ಮೇಲಕ್ಕೆ ಒಯ್ಯುವ ತೂಗುಕುರ್ಚಿ) ಹತ್ತಿ, ಇಳಿಯುವಾಗ ಬೀಳದೆ ಪಕ್ಕಕ್ಕೆ ಸರಿಯಬೇಕು. ಹೇಳಿದ ಜಾಗದಲ್ಲಿ ಬೋರ್ಡಿನ ಹಿಮ್ಮಡಿ ಕಡೆಯ ಅಂಚಿನ ಮೇಲೂ ಕಾಲ್ಬೆರಳಿನ ಕಡೆಯ ಅಂಚಿನ ಮೇಲೂ ಜಾರುವುದನ್ನು ನಿಲ್ಲಿಸಬೇಕು. ಎಷ್ಟೋ ಮಕ್ಕಳಿಗೆ ಹಿಮ್ಮಡಿ ಅಂಚೊಂದೇ ಬರುತ್ತದೆ. ಎಲೆ ಬಿದ್ದ ಹಾಗೆ ಆಚೀಚೆ ಜಾರಿಕೊಂಡು ಕೆಳಗೆ ಬಂದುಬಿಡುತ್ತಾರೆ, ನೋಡುವವರು ಬಂತು ಅಂದುಕೊಳ್ಳುತ್ತಾರೆ. ಬೆರಳಿನ ಅಂಚು ಬರುವವರೆಗೆ ಗೇಟಿನ ಮಾತು ಬೇಡ.

ಒರೆಗಾನಿನ ಹೈಸ್ಕೂಲ್ ಕ್ರೀಡೆಗಳನ್ನು ನಡೆಸುವ ಒಎಸ್‌ಎಎ ಸಂಸ್ಥೆಯ ಪಟ್ಟಿಯಲ್ಲಿ ಸ್ನೋಬೋರ್ಡಿಂಗ್ ಇಲ್ಲ. ವರ್ಮಾಂಟ್ ರಾಜ್ಯದಲ್ಲಾದರೆ ಪ್ರಿನ್ಸಿಪಾಲರ ಸಂಘವೇ ರಾಜ್ಯ ಚಾಂಪಿಯನ್‌ಶಿಪ್ ನಡೆಸುತ್ತದೆ. ಹಾಗಾಗಿ ನಿಮ್ಮಲ್ಲಿ ಟೀಮಿಗೆ ಶಾಲೆಯ ಹೆಸರಿದ್ದರೂ ಖರ್ಚಿನ ಹೆಚ್ಚಿನ ಪಾಲು ಮನೆಯವರದೇ ಎಂದು ಎಣಿಸಿಕೊಂಡಿರಿ: ಟೀಮ್ ಶುಲ್ಕ, ಸೀಸನ್ ಪಾಸ್, ಪ್ರತಿ ಸ್ಪರ್ಧೆಯ ಪ್ರವೇಶ, ಬಸ್ಸು, ಸಾಮಾನು. ನೀವೇ ಕಾರಿನಲ್ಲಿ ಬಿಡುವುದಾದರೆ ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಸ್ನೋ-ಪಾರ್ಕ್ ಪರ್ಮಿಟ್ (ಅಲ್ಲಿ ಗಾಡಿ ನಿಲ್ಲಿಸುವ ಚೀಟಿ) ಬೇಕು, ರಸ್ತೆಯಲ್ಲಿ ಫಲಕ ಹಾಕಿದ್ದಾಗ ಗಾಡಿಯಲ್ಲಿ ಟೈರಿಗೆ ಕಟ್ಟುವ ಚೈನ್ ಇರಲೇಬೇಕು. ಶಾಲೆ ಶುರುವಾದ ಕೂಡಲೇ ಹೆಸರು ಕೊಡುವ ಕೊನೆಯ ದಿನಾಂಕ ಕೇಳಿಡಿ. ಹಿಮ ಬೀಳುವವರೆಗೆ ಕಾದರೆ ಬಸ್ಸಿನಲ್ಲಿ ಸೀಟಿರುವುದಿಲ್ಲ.

ಪ್ರಶ್ನೆ: ಬೋರ್ಡ್ ಗದ್ದದ ಮಟ್ಟಕ್ಕೆ ಬರಬೇಕು ಎನ್ನುತ್ತಾರೆ, ನಿಜವೇ? ಮಗ ಬೆಳೆಯುತ್ತಿದ್ದಾನೆ, ಬೂಟು ಒಂದು ಸೈಜು ದೊಡ್ಡದು ತೆಗೆದುಕೊಂಡರೆ ಎರಡು ವರ್ಷ ಬರುತ್ತದಲ್ಲ? – ಒಬ್ಬ ತಂದೆ, ಹಿಲ್ಸ್‌ಬೊರೊ

ಉತ್ತರ: ದೊಡ್ಡ ಬೂಟು ಮಾತ್ರ ಬೇಡ. ಮಂಡಿ ಮುಂದಕ್ಕೆ ಬಾಗಿದ ಒತ್ತಡ ಬೂಟಿನಿಂದ ಬೈಂಡಿಂಗಿಗೆ (ಬೂಟನ್ನು ಬೋರ್ಡಿಗೆ ಹಿಡಿದಿಡುವ ಕಟ್ಟಿಗೆ), ಅಲ್ಲಿಂದ ಅಂಚಿಗೆ ಹೋಗಬೇಕು. ಬೂಟಿನೊಳಗೆ ಹಿಮ್ಮಡಿ ಮೇಲೆದ್ದರೆ ಆ ಒತ್ತಡ ದಾರಿಯಲ್ಲೇ ಕಳೆದುಹೋಗುತ್ತದೆ. ಹುಡುಗ ಆ ಸಡಿಲ ಮುಚ್ಚಲು ಪಟ್ಟಿಯನ್ನು ಎಳೆದೆಳೆದು ಕಟ್ಟುತ್ತಾನೆ, ಪಾದ ಜೋಮು ಹಿಡಿಯುತ್ತದೆ, ರಕ್ತ ಓಡದೆ ಬೆರಳು ತಣ್ಣಗಾಗುತ್ತದೆ. ಬೂಟು ಬೆಚ್ಚಗಿಲ್ಲ ಎಂದು ನೀವು ಎರಡನೇ ಸಾಕ್ಸ್ ಹಾಕಿಸುತ್ತೀರಿ, ಅದರಿಂದ ಇನ್ನಷ್ಟು ತಣ್ಣಗಾಗುತ್ತದೆ. ಉಣ್ಣೆಯ ತೆಳು ಸಾಕ್ಸ್ ಒಂದೇ ಜೊತೆ ಸಾಕು.

ಅಳತೆ ಹೀಗೆ ನೋಡಿ. ಬೂಟು ಕಟ್ಟಿ ನೆಟ್ಟಗೆ ನಿಂತಾಗ ಹೆಬ್ಬೆರಳು ತುದಿಗೆ ತಾಗಬೇಕು. ಮಂಡಿ ಬಗ್ಗಿಸಿದಾಗ ಅದು ಕೊಂಚ ಹಿಂದೆ ಸರಿಯಬೇಕು. ಬೆರಳ ಮೇಲೆ ನಿಂತಾಗ ಹಿಮ್ಮಡಿ ಏಳಬಾರದು. ಅಂಗಡಿಯಲ್ಲೇ ಹದಿನೈದು ನಿಮಿಷ ಹಾಕಿಕೊಂಡು ಓಡಾಡಲಿ. ಒಳಪದರ ಬಳಸುತ್ತ ಅದುಮಿಕೊಂಡು ಸಡಿಲವಾಗುವುದರಿಂದ ಹೊಸದರಲ್ಲಿ ಬಿಗಿ ಅನ್ನಿಸುವುದೇ ಸರಿ.

ಗದ್ದದ ಲೆಕ್ಕ ಬರೀ ಅಂದಾಜು. ಬೋರ್ಡಿನ ಉದ್ದ ಹುಡುಗನ ತೂಕದ ಮೇಲೆ ಹೋಗುತ್ತದೆ. ತಯಾರಕರ ತೂಕದ ಪಟ್ಟಿ ನೋಡಿ. ಅಗಲ ಬೂಟಿನ ಮೇಲೆ. ಬೂಟಿನ ತುದಿ ಮತ್ತು ಹಿಮ್ಮಡಿ ಅಂಚಿನಾಚೆ ಒಂದೆರಡು ಸೆಂಟಿಮೀಟರ್ ಚಾಚಿದರೆ ಸರಿ. ಅದಕ್ಕಿಂತ ಹೆಚ್ಚಾದರೆ ಬೋರ್ಡನ್ನು ಓರೆ ಮಾಡಿದಾಗ ಬೂಟೇ ಹಿಮಕ್ಕೆ ತಾಗಿ ಅಂಚು ಮೇಲೆದ್ದು ಬೀಳಿಸುತ್ತದೆ. ಅಮೆರಿಕದ ಅಳತೆಯಲ್ಲಿ ಗಂಡಸರ 11 ದಾಟಿದರೆ ಅಗಲದ ಬೋರ್ಡೇ ಬೇಕು.

ಬೆಳೆಯುವ ಹುಡುಗನಿಗೆ ಸೀಸನ್ ಪೂರ್ತಿಗೆ ಬಾಡಿಗೆಗೆ ತನ್ನಿ, ಇಲ್ಲವೇ ಹಿಮಗಾಲಕ್ಕೆ ಮುಂಚೆ ನಡೆಯುವ ಹಳೇ ಸಾಮಾನಿನ ಮಾರಾಟದಲ್ಲಿ ಬೋರ್ಡ್ ಹುಡುಕಿ. ತಳದಲ್ಲಿ ಆಳದ ಗೀರು, ಅಂಚಿನ ಉಕ್ಕಿನಲ್ಲಿ ಬಿರುಕು ಇದ್ದರೆ ಬಿಡಿ. ಹಣ ಹಾಕುವುದಿದ್ದರೆ ಹೊಸ ಬೂಟಿಗೆ ಹಾಕಿ. ಜಾಕೆಟ್, ಪ್ಯಾಂಟಿನಲ್ಲೂ ಜಿಪುಣತನ ಬೇಡ: ಅಲ್ಲಿಯ ಹಿಮ ಎಷ್ಟು ನೀರುನೀರೆಂದರೆ ಅದಕ್ಕೆ ಅಲ್ಲಿನ ಕ್ಯಾಸ್ಕೇಡ್ ಪರ್ವತಸಾಲಿನ ಹೆಸರಲ್ಲಿ ‘ಕ್ಯಾಸ್ಕೇಡ್ ಕಾಂಕ್ರೀಟ್’ ಎಂದೇ ಹೆಸರು. ನೀರು ತಡೆಯುವ ಅಳತೆ 15,000 ಮಿಲಿಮೀಟರಿಗಿಂತ ಕಡಿಮೆಯದಾದರೆ ಒದ್ದೆ ಚೇರ್‌ಲಿಫ್ಟಿನಲ್ಲಿ ನಾಲ್ಕಾರು ಸಲ ಕೂತೆದ್ದರೆ ಕೂತ ಜಾಗ ನೆನೆಯುತ್ತದೆ.

ಪ್ರಶ್ನೆ: ಟೀಮಿನಲ್ಲಿ ನನಗಿದು ಎರಡನೇ ವರ್ಷ. ಜೈಂಟ್ ಸ್ಲಾಲಮ್‌ನಲ್ಲಿ (ಗೇಟುಗಳ ನಡುವೆ ತಿರುಗುತ್ತ ಇಳಿಯುವ ಓಟ) ಮೊದಲ ಮೂರು ನಾಲ್ಕು ಗೇಟ್ ಚೆನ್ನಾಗಿ ಹೋಗುತ್ತೆ. ಆಮೇಲೆ ಬೋರ್ಡಿನ ಬಾಲ ಜಾರಲು ಶುರುವಾಗಿ, ಹಿಮ್ಮಡಿ ತಿರುವಿನಲ್ಲಿ ಗಡಗಡ ನಡುಗುತ್ತೆ. ಅಂಚು ಹರಿತ ಮಾಡಿಸಿದರೂ ಅದೇ ಕಥೆ. – ಹನ್ನೊಂದನೇ ತರಗತಿ ವಿದ್ಯಾರ್ಥಿ, ಪೋರ್ಟ್‌ಲ್ಯಾಂಡ್

ಉತ್ತರ: ತಪ್ಪು ಶುರುವಾಗುವುದು ಮೊದಲ ಗೇಟಿನಲ್ಲೇ, ನಿಮಗೆ ಕಾಣುವುದು ಐದನೆಯದರಲ್ಲಿ. ಗೇಟಿನ ಹತ್ತಿರ ಬಂದ ಮೇಲೆ ತಿರುಗಲು ಶುರು ಮಾಡುತ್ತಿದ್ದೀರಿ. ವೇಗ ಕಡಿಮೆ ಇರುವಾಗ ಅದು ನಡೆದುಹೋಗುತ್ತದೆ. ಪ್ರತಿ ಗೇಟಿನಲ್ಲೂ ದಾರಿ ಸ್ವಲ್ಪ ಸ್ವಲ್ಪ ಕೆಳಕ್ಕಿಳಿಯುತ್ತ, ಐದನೆಯದು ಬರುವಷ್ಟರಲ್ಲಿ ಹಿಂಗಾಲಿನಿಂದ ಬೋರ್ಡನ್ನು ಒದ್ದು ತಿರುಗಿಸದೆ ಬೇರೆ ದಾರಿ ಉಳಿದಿರುವುದಿಲ್ಲ. ಬಾಲ ಜಾರುವುದು ಅದಕ್ಕೇ.

ಒಂದು ಗೇಟು ದಾಟಿದ ಕೂಡಲೇ ಅಂಚು ಬದಲಿಸಿ. ಗೇಟಿನ ಒಳಬದಿಯ ಗಿಡ್ಡ ಕಂಬದ ಪಕ್ಕಕ್ಕೆ ಬರುವಾಗ ತಿರುವಿನ ಹೆಚ್ಚಿನ ಭಾಗ ಮುಗಿದು, ಬೋರ್ಡಿನ ಮೂತಿ ಮುಂದಿನ ಗೇಟಿನ ಕಡೆ ನೋಡುತ್ತಿರಬೇಕು. ಅದಾಗಬೇಕಾದರೆ ಕಣ್ಣು ಎರಡು ಗೇಟು ಮುಂದಿರಬೇಕು. ಕಂಬವನ್ನೇ ನೋಡಿದರೆ ಕಂಬದ ಕಡೆಗೇ ಹೋಗುತ್ತೀರಿ. ತಿರುವು ಶುರುವಾಗುವಾಗ ಭಾರ ಮುಂಗಾಲಿನ ಮೇಲಿರಲಿ, ಮುಗಿಯುವ ಹೊತ್ತಿಗೆ ಎರಡೂ ಕಾಲಿಗೆ ಸಮನಾಗಿ ಬರಲಿ.

ನಡುಕದ ಕಾರಣ ಬೇರೆ. ಹಿಮ್ಮಡಿ ತಿರುವಿನಲ್ಲಿ ಕಾಲು ನೆಟ್ಟಗೆ ಮಾಡಿ ಸೊಂಟದಲ್ಲಿ ಬಗ್ಗಿ ಕುರ್ಚಿಯ ಮೇಲೆ ಕೂತ ಹಾಗೆ ಕೂರುತ್ತೀರಿ. ನೆಟ್ಟಗಿನ ಕಾಲು ಕುಲುಕಾಟ ಹೀರುವುದಿಲ್ಲ, ಅಂಚು ಹಿಡಿದು ಬಿಟ್ಟು ಹಿಡಿದು ಬಿಟ್ಟು ಹಾರುತ್ತದೆ. ಮಂಡಿ, ಕಣಕಾಲು ಎರಡೂ ಬಗ್ಗಲಿ. ಕಾಲಿನ ಹಿಂದೆ ನಿಲ್ಲುವ ಬೈಂಡಿಂಗಿನ ಬೆನ್ನುಪಟ್ಟಿಯನ್ನು ಒಂದು ಹಲ್ಲು ಮುಂದಕ್ಕೆ ಬಾಗಿಸಿ. ಬೋರ್ಡಿನ ಮೇಲೆ ಬೈಂಡಿಂಗ್ ಕೂತ ಕೋನವನ್ನೂ ನೋಡಿಕೊಳ್ಳಿ: ಪಾರ್ಕಿಗೆ ಮುಂಗಾಲು 15 ಡಿಗ್ರಿ, ಹಿಂಗಾಲು ಮೈನಸ್ 12 ಇಟ್ಟವರು ಗೇಟಿಗೆ 21 ಮತ್ತು 6ರ ಹತ್ತಿರ ಇಟ್ಟು ನೋಡಬಹುದು. ಆದರೆ ಸ್ಪರ್ಧೆಯ ಬೆಳಗ್ಗೆ ಬದಲಿಸಬೇಡಿ, ಒಂದು ವಾರ ಅಭ್ಯಾಸ ಬೇಕು.

ಅಭ್ಯಾಸಕ್ಕೆ ಗೇಟೇ ಬೇಕೆಂದಿಲ್ಲ. ಬೆಳಗ್ಗೆ ಯಂತ್ರ ಓಡಿಸಿ ಹದ ಮಾಡಿದ ಇಳಿಜಾರಿನಲ್ಲಿ ನಾಲ್ಕು ತಿರುವು ತೆಗೆದು ನಿಂತು, ಹಿಂದಿರುಗಿ ನಿಮ್ಮ ಗೆರೆ ನೋಡಿ. ಪೆನ್ಸಿಲಿನಲ್ಲಿ ಗೀಚಿದ ಹಾಗಿದ್ದರೆ ಅಂಚು ಕೊರೆದಿದೆ, ಪೊರಕೆಯಿಂದ ಗುಡಿಸಿದ ಹಾಗಿದ್ದರೆ ಜಾರಿದೆ. ಗೆರೆ ಎಲ್ಲಿಂದ ಅಗಲವಾಗಿದೆಯೋ ಅಲ್ಲೇ ತಪ್ಪು.

ಸ್ಪರ್ಧೆಗೆ ಮುಂಚೆ ದಾರಿ ನೋಡಲು ಬಿಡುತ್ತಾರಲ್ಲ, ಆಗ ಗೇಟುಗಳ ಪಕ್ಕದಲ್ಲಿ ಅಡ್ಡಡ್ಡ ಜಾರುತ್ತ ಇಳಿಯಿರಿ. ಗೇಟುಗಳ ನಡುವೆ ತಿರುವು ತೆಗೆದರೆ ಹೊರಗೆ ಹಾಕುತ್ತಾರೆ. ಇಳಿಜಾರು ಎಲ್ಲಿ ಕಡಿದಾಗುತ್ತದೆ, ಅದಕ್ಕೆ ಮುಂಚಿನ ಗೇಟು ಯಾವುದು, ಇವೆರಡನ್ನು ನೆನಪಿಡಿ. ಆ ಗೇಟಿಗೆ ಎತ್ತರದಿಂದ ಬಂದರೆ ಉಳಿದದ್ದು ಕೈಗೆ ಸಿಗುತ್ತದೆ.

ಪ್ರಶ್ನೆ: ಬೋರ್ಡ್ ಚೆನ್ನಾಗಿ ಜಾರಲು ತಳಕ್ಕೆ ಹಚ್ಚುವ ವ್ಯಾಕ್ಸ್ (ಮೇಣ) ಮನೆಯಲ್ಲೇ ಹಾಕಬಹುದೇ? – ಅದೇ ವಿದ್ಯಾರ್ಥಿ

ಉತ್ತರ: ಹಾಕಬಹುದು. ಬಟ್ಟೆಯ ಇಸ್ತ್ರಿಪೆಟ್ಟಿಗೆ ಬೇಡ, ಅದರ ಶಾಖ ಏರಿಳಿದು ತಳ ಸುಡುತ್ತದೆ. ವ್ಯಾಕ್ಸಿನದೇ ಇಸ್ತ್ರಿಪೆಟ್ಟಿಗೆ ತನ್ನಿ. ಬೈಂಡಿಂಗ್ ಬಿಚ್ಚಿ, ತಳ ಒರೆಸಿ. ವ್ಯಾಕ್ಸನ್ನು ಹನಿಹನಿಯಾಗಿ ಬೀಳಿಸಿ, ಪೆಟ್ಟಿಗೆಯನ್ನು ಎಲ್ಲೂ ನಿಲ್ಲಿಸದೆ ಮೂತಿಯಿಂದ ಬಾಲದವರೆಗೆ ಓಡಿಸಿ. ಹೊಗೆ ಬಂದರೆ ಶಾಖ ಹೆಚ್ಚಾಗಿದೆ. ಅರ್ಧ ಗಂಟೆಗಿಂತ ಹೆಚ್ಚು ಆರಲು ಬಿಟ್ಟು, ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದು, ನೈಲಾನ್ ಬ್ರಷ್ ಹೊಡೆಯಿರಿ. ಹೆರೆಯುವುದರಲ್ಲಿ ಸೋಮಾರಿತನ ಮಾಡಿದರೆ ಬೋರ್ಡ್ ಅಂಟಿಕೊಂಡ ಹಾಗೆ ನಿಧಾನವಾಗುತ್ತದೆ. ಮೌಂಟ್ ಹುಡ್‌ನಲ್ಲಿ ಹಿಮದ ಉಷ್ಣತೆ ಸೊನ್ನೆಯ ಹತ್ತಿರ ಸುಳಿಯುವ ದಿನಗಳೇ ಹೆಚ್ಚು, ಹಾಗಾಗಿ ಬೆಚ್ಚನೆ ಹಿಮದ ಮೆದು ವ್ಯಾಕ್ಸ್ ಮನೆಯಲ್ಲಿರಲಿ.

ಪ್ರಶ್ನೆ: ಮೊಮ್ಮಗ ಬಿದ್ದರೆ ಏನು ಗತಿ ಎಂದು ನನಗೆ ನಿದ್ದೆ ಬರುವುದಿಲ್ಲ. ಇದು ಆಡಲೇಬೇಕಾದ ಆಟವೇ? – ಮಗನ ಮನೆಗೆ ಬಂದಿರುವ ಅಜ್ಜಿ, ಬೀವರ್ಟನ್

ಉತ್ತರ: ಅಮ್ಮಾ, ಅವನು ಬಿದ್ದೇ ಬೀಳುತ್ತಾನೆ. ಬೀಳುವುದನ್ನು ಕಲಿತಿದ್ದಾನೆಯೇ ಎಂದು ಕೇಳಿ. ಹೊಸಬರಿಗೆ ಹೆಚ್ಚಾಗಿ ಪೆಟ್ಟಾಗುವುದು ಮಣಿಕಟ್ಟಿಗೆ, ಕೈ ಊರಲು ಹೋಗಿ. ಮುಂದೆ ಬಿದ್ದರೆ ಮುಷ್ಟಿ ಬಿಗಿದು ಮುಂಗೈ ಮೇಲೆ, ಹಿಂದೆ ಬಿದ್ದರೆ ಗದ್ದವನ್ನು ಎದೆಗೊತ್ತಿ ಕುಂಡೆಯಿಂದ ಬೆನ್ನಿಗೆ ಉರುಳಬೇಕು. ಇದನ್ನು ಮನೆಯ ಹಾಸಿಗೆಯ ಮೇಲೆ ನಿಮ್ಮೆದುರೇ ಇಪ್ಪತ್ತು ಸಲ ಮಾಡಲಿ. ಮಣಿಕಟ್ಟಿನ ಗಾರ್ಡ್ ಮತ್ತು ಎಎಸ್‌ಟಿಎಂ ಎಫ್2040 (ಹಿಮದ ಆಟದ ಹೆಲ್ಮೆಟ್ಟಿನ ಸುರಕ್ಷತಾ ಮಾನದಂಡ) ಗುರುತಿನ ಹೆಲ್ಮೆಟ್ ಕಡ್ಡಾಯ. ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ನೆಟ್ಟಗೆ ಕಂಡರೂ ಬದಲಿಸಬೇಕು.

ತಲೆಗೆ ಪೆಟ್ಟಾಗಿ ತಲೆಸುತ್ತು, ವಾಂತಿ, ಮಂಕು ಕಂಡರೆ ಆ ದಿನದ ಆಟ ಮುಗಿಯಿತು. ಒರೆಗಾನಿನಲ್ಲಿ ಶಾಲಾ ತಂಡಗಳಿಗೆ 2009ರ ಮ್ಯಾಕ್ಸ್ ಕಾಯ್ದೆ, ಶಾಲೆಯ ಹೊರಗಿನ ತಂಡಗಳಿಗೆ 2013ರ ಜೆನ್ನಾ ಕಾಯ್ದೆ ಇದನ್ನೇ ಹೇಳುತ್ತವೆ. ಮತ್ತೆ ಆಡಲು ವೈದ್ಯಕೀಯ ಒಪ್ಪಿಗೆ ಬೇಕು. ಹುಡುಗರು ಸ್ಪರ್ಧೆ ತಪ್ಪುತ್ತದೆಂದು ಮುಚ್ಚಿಡುತ್ತಾರೆ, ಮನೆಯವರು ಕಣ್ಣಿಟ್ಟಿರಬೇಕು.

ಇನ್ನೊಂದು ಅಪಾಯದ ಬಗ್ಗೆ ನಮ್ಮವರಲ್ಲಿ ಮಾತೇ ಕಡಿಮೆ. ಆ ಭಾಗದ ದೊಡ್ಡ ಮರಗಳ ಬುಡದಲ್ಲಿ ಕೊಂಬೆಯ ಮರೆಗೆ ಸಡಿಲ ಹಿಮದ ಗುಂಡಿ ಆಗಿರುತ್ತದೆ. ತಲೆಕೆಳಗಾಗಿ ಬಿದ್ದರೆ ಒಬ್ಬರೇ ಮೇಲೆ ಬರಲಾಗದು. ಹೊಸ ಹಿಮ ಬಿದ್ದ ದಿನ ಮರಗಳ ನಡುವೆ ಹೋಗಬಾರದು. ಹೋಗುವಷ್ಟು ಪಳಗಿದವರೂ ಜೊತೆಗಾರ ಕಣ್ಣಿಗೆ ಕಾಣುವಷ್ಟು ಹತ್ತಿರವಿರಬೇಕು, ಕೊರಳಲ್ಲಿ ಸೀಟಿ ಇರಬೇಕು.

ಬಸ್ಸಿಗೆ ಊಟ ಏನು ಕಟ್ಟಲಿ ಎಂದೂ ಕೇಳಿದ್ದೀರಿ. ಚಪಾತಿಯಲ್ಲಿ ಪಲ್ಯ ಸುತ್ತಿ ಕೊಡಿ, ಗ್ಲೌಸ್ ತೆಗೆದು ಬೇಗ ತಿನ್ನಬಹುದು. ಜೇಬಿಗೆ ಕಡಲೆಮಿಠಾಯಿ, ಥರ್ಮಾಸಿನಲ್ಲಿ ಬಿಸಿ ಸಾರು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗದು, ನೀರು ಕುಡಿ ಎಂದು ನೆನಪಿಸಿ.

ಪ್ರಶ್ನೆ: ಬೆಂಗಳೂರಿನ ಹೈಸ್ಕೂಲ್ ಹುಡುಗ ಭಾರತದಲ್ಲೇ ಕಲಿಯಬಹುದೇ? – ಒಬ್ಬ ಓದುಗ, ಜಯನಗರ

ಉತ್ತರ: ಕಾಶ್ಮೀರದ ಗುಲ್ಮರ್ಗ್‌ನಲ್ಲಿ ಕಲಿಯಬಹುದು. 2020ರಲ್ಲಿ ಶುರುವಾದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ನೋಬೋರ್ಡಿಂಗ್ ನಡೆದದ್ದೂ ಅಲ್ಲೇ. ಜನವರಿ, ಫೆಬ್ರವರಿ ಒಳ್ಳೆಯ ತಿಂಗಳು. ಒಂದು ವಾರಕ್ಕೆ ಕಡಿಮೆ ಹೋಗಬೇಡಿ: ಮೊದಲ ಎರಡು ದಿನ ಬೀಳುವುದರಲ್ಲೇ ಕಳೆಯುತ್ತದೆ, ಮೂರನೇ ದಿನ ಮೈಕೈ ನೋವು, ತಿರುವು ಬರುವುದು ಆಮೇಲೆ. ಕೆಳಗಿನ ಕಲಿಕೆಯ ಇಳಿಜಾರುಗಳಲ್ಲೇ ಇರಲಿ. ಅಲ್ಲಿನ ಗೊಂಡೊಲಾದ (ರೋಪ್‌ವೇ) ಎರಡನೇ ಹಂತ ಹತ್ತಿದರೆ ಸಿಗುವ ಅಫರ್ವತ್ ಶಿಖರದ ಇಳಿಜಾರು ಹಿಮಕುಸಿತದ ಜಾಗ, ಹೊಸಬರಿಗಲ್ಲ. ಹೋಗುವುದಕ್ಕೆ ಆರು ವಾರ ಮುಂಚಿನಿಂದ ದಿನಾ ಬಸ್ಕಿ, ಒಂಟಿ ಕಾಲಿನ ಮೇಲೆ ನಿಲ್ಲುವುದು ಮಾಡಲಿ. ಬೂಟು, ಬೋರ್ಡ್ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್, ನೀರಿಳಿಯದ ಗ್ಲೌಸ್ ಮಾತ್ರ ಅವನ ಅಳತೆಯದು ಇಲ್ಲಿಂದಲೇ ಒಯ್ಯಲಿ.